ನಡುವಿನ ಪಟ್ಟಿಯ ಆ ಹಿಂಗಾರಿ

ನರಗುಂದದಲ್ಲಿ ನನ್ನ ಮಗ ರಾಜೇಸಾಬನ ಗಾದಿ ಅಂಗಡಿ ಇದೆ. ಹೋದ ತಿಂಗಳು ಹಲ್ಲು ಕೀಳಿಸಲು ಹೋದವಳು ಸಂಜೆ ಬಸ್ಸು ಬರುವ ತನಕ ಅಲ್ಲೇ ಕೂತಿದ್ದೆ. ಗೋಡೆಯ ಟಿವಿಯಲ್ಲಿ ಯುದ್ಧದ ಸುದ್ದಿ. ಎರಡು ದೊಡ್ಡ ದೇಶಗಳು ಹೊಡೆದಾಡುತ್ತಿದ್ದವು. ಅವುಗಳ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ, ಈಗಂತೂ ಹಲ್ಲೂ ಇಲ್ಲ. ಆ ಎರಡರ ನಡುವೆ ಒಂದು ಸಣ್ಣ ದೇಶ. ಇವರ ಬಾಂಬು ಅದರ ತಲೆಯ ಮೇಲೆ ಹಾಯ್ದು ಅವರಿಗೆ ಹೋಗಬೇಕು, ಅವರದು ಇವರಿಗೆ ಬರಬೇಕು. ಆ ಸಣ್ಣ ದೇಶದವನೇ, ಕೋಟು ಹಾಕಿದ ಒಬ್ಬ ಮನುಷ್ಯ, ಕೈಮುಗಿದಂತೆ ನಿಂತು ಏನೋ ಹೇಳುತ್ತಿದ್ದ. "ನಾವು ಯಾರ ಕಡೆಗೂ ಇಲ್ಲ" ಎಂದು ಕೆಳಗೆ ಕನ್ನಡದಲ್ಲಿ ಬಂತು. ನಾನು ಶಾಲೆ ಕಲಿತದ್ದು ಮೂರನೇ ಇಯತ್ತೆಯ ತನಕ. ಅಷ್ಟು ಓದುವಷ್ಟರಲ್ಲಿ ಅವನೂ ಹೋದ, ಅಕ್ಷರಗಳೂ ಹೋದವು.

ಗಾದಿ ತುಂಬಿಸಲು ಬಂದಿದ್ದ ಒಬ್ಬರು, "ಶಾಣ್ಯಾ ದೇಶ ನೋಡ್ರಿ ಅದು. ಅವ್ರು ಬಡಿದಾಡ್ಲಿ, ಇವ್ರು ಆರಾಮ ಕುಂತು ನೋಡ್ತಾರ," ಎಂದರು.

ರಾಜೇಸಾಬ ನನ್ನ ಮುಖ ನೋಡಿದ. ಗಿರಾಕಿಯ ಜೊತೆ ವಾದ ಹಾಕಬಾರದೆಂದು ನಾನು ಸುಮ್ಮನಿದ್ದೆ. ಆದರೆ ಆರಾಮ ಎಂಬ ಮಾತು ಊರು ಮುಟ್ಟುವ ತನಕ ಕಿವಿಯಲ್ಲಿ ಕೊರೆಯಿತು. ಯಾರ ಕಡೆಗೂ ಇಲ್ಲದೆ ನಾನು ಒಂದು ಹಿಂಗಾರಿ ಕಳೆದಿದ್ದೇನೆ. ಅದರಲ್ಲಿ ಆರಾಮ ಎಲ್ಲಿತ್ತು ಎಂದು ಯಾರಾದರೂ ತೋರಿಸಲಿ.

ಚಿಕ್ಕನರಗುಂದದಲ್ಲಿ ನಮ್ಮದು ಪಿಂಜಾರರ ಮನೆ. ನನ್ನ ಗಂಡ ಊರೂರು ತಿರುಗಿ ಹತ್ತಿ ಹಿಂಜಿ, ಗಾದಿ ತುಂಬಿ ಒಂದು ಹೊಲ ಕೊಂಡ. ಹೊಲ ಅಂದರೆ ಉದ್ದನೆಯ ಪಟ್ಟಿ. ಮೇಲಿನ ಮಗ್ಗುಲಲ್ಲಿ ಮಲ್ಲಪ್ಪನ ಹೊಲ, ಕೆಳಗಿನ ಮಗ್ಗುಲಲ್ಲಿ ಚನ್ನಪ್ಪನ ಹೊಲ. ಇಬ್ಬರೂ ಅಣ್ಣತಮ್ಮಂದಿರ ಮಕ್ಕಳು, ಇಬ್ಬರಿಗೂ ನಾನು ಚಿಗವ್ವ, ಊರ ವಾಡಿಕೆಯ ಚಿಕ್ಕಮ್ಮ. ಕಾಲುವೆ ಇರುವುದು ಮೇಲೆ. ನೀರು ಮಲ್ಲಪ್ಪನ ಹೊಲದಿಂದ ನಮ್ಮ ಬದುವಿಗೆ ಬಂದು, ಅಲ್ಲಿಂದ ಚನ್ನಪ್ಪನ ಹೊಲಕ್ಕೆ ಇಳಿಯುತ್ತಿತ್ತು. ಊರು ಇರುವುದು ಕೆಳಗೆ. ಗಾಡಿಯ ಹಾದಿ ಚನ್ನಪ್ಪನ ಹೊಲದಿಂದ ನಮ್ಮ ಬದುವಿಗೆ ಹತ್ತಿ, ಅಲ್ಲಿಂದ ಮಲ್ಲಪ್ಪನ ಹೊಲಕ್ಕೆ ಹೋಗುತ್ತಿತ್ತು. ಚನ್ನಪ್ಪನಿಗೆ ನೀರು ಬೇಕಾದರೆ ನಮ್ಮನ್ನು ಹಾಯಬೇಕು, ಮಲ್ಲಪ್ಪನಿಗೆ ಊರು ಬೇಕಾದರೆ ನಮ್ಮನ್ನು ಹಾಯಬೇಕು. ನಮಗೆ ನೀರು ಬೇಕಾದರೆ ಮಲ್ಲಪ್ಪ, ಹಾದಿ ಬೇಕಾದರೆ ಚನ್ನಪ್ಪ. ಗಂಡ ಇರುವ ತನಕ ಇದು ತೊಡಕು ಎಂದು ನಮಗೆ ಅನಿಸಿಯೇ ಇರಲಿಲ್ಲ. ಬದುವಿನ ಬೇವಿನ ಗಿಡದ ಕೆಳಗೆ ಮೂರೂ ಮನೆಯವರು ಬುತ್ತಿ ಬಿಚ್ಚುತ್ತಿದ್ದೆವು.

ಆ ವರ್ಷ ಮುಂಗಾರಿ ನಡುವೆಯೇ ಮಳೆ ಕೈಕೊಟ್ಟಿತು. ಚನ್ನಪ್ಪನ ಗೋವಿನಜೋಳ ತೆನೆ ಹಿಡಿಯುವ ಹೊತ್ತು. ಅವನ ಪಾಳಿಯ ನೀರನ್ನು ಮಲ್ಲಪ್ಪ ತನ್ನ ಹತ್ತಿಗೆ ತಿರುಗಿಸಿಕೊಂಡ. ಚನ್ನಪ್ಪ ಹೋಗಿ ಮಲ್ಲಪ್ಪನ ಒಡ್ಡು ಒಡೆದ. ಮಾತು ನಿಂತಿತು. ದಸರೆಯ ದಿನ ಅದು ಊರಿಗೆಲ್ಲ ಗೊತ್ತಾಯಿತು.

ದಸರೆಯ ಸಂಜೆ ಬನ್ನಿ ಎಲೆ ಕೈಗಿಟ್ಟು "ಬಂಗಾರ ತಗೊಂಡು ಬಂಗಾರದಂಗ ಇರೋಣ" ಎನ್ನುವುದು ನಮ್ಮ ಕಡೆಯ ರೂಢಿ. ವರ್ಷದ ಮನಸ್ತಾಪ ಅಲ್ಲಿಗೆ ಮುಗಿಯಬೇಕು. ಮಲ್ಲಪ್ಪ ಊರಿಗೆಲ್ಲ ಬನ್ನಿ ಕೊಟ್ಟ, ಚನ್ನಪ್ಪನ ಕಟ್ಟೆ ಮಾತ್ರ ಹತ್ತದೆ ದಾಟಿ ಬಂದ. ನನ್ನ ಕೈಗೂ ಕೊಟ್ಟ. ಅವನು ಇನ್ನೂ ಅಂಗಳದಲ್ಲಿರುವಾಗಲೇ ಚನ್ನಪ್ಪ ಬಂದ. ಎಡಗೈಯಲ್ಲಿ ಬನ್ನಿ ತೆಗೆದುಕೊಳ್ಳಲು ಬರುವುದಿಲ್ಲ, ಬಲಗೈಯಲ್ಲಿ ಮಲ್ಲಪ್ಪನದಿದೆ. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಚನ್ನಪ್ಪನದನ್ನು ಹಿಡಿದೆ.

"ನೋಡಿದ್ಯಾ ಚಿಗವ್ವ," ಎಂದ ಮಲ್ಲಪ್ಪ, "ನಂದು ಮುಚ್ಚಿಟ್ಟಿ, ಅವಂದು ಎಲ್ಲಾರಿಗೂ ಕಾಣುವಂಗ ಹಿಡದಿ."

"ನಿಂದು ಸೊಂಟದಾಗೈತಿ, ಅವಂದು ಕೈಯಾಗೈತಿ. ನಾಳಿ ಎರಡೂ ಕಸಕ್ಕ ಹೋಗ್ತಾವ. ಚಹಾ ಕುಡಿತೀರೇನು?" ಎಂದೆ.

ಇಬ್ಬರೂ ಕುಡಿಯಲಿಲ್ಲ. ಹಸೀನಾ ಮಾಡಿಟ್ಟ ಚಹಾ ಆರಿಹೋಯಿತು. ಹಸೀನಾ ನನ್ನ ಸೊಸೆ, ಗಜೇಂದ್ರಗಡದ ನೇಕಾರರ ಮನೆಯ ಹುಡುಗಿ.

ದೀಪಾವಳಿ ಬರುವುದರೊಳಗೆ ಇಬ್ಬರೂ ಬಡಿದಾಡಿದರು. ಎಲ್ಲಿ? ನಮ್ಮ ಬದುವಿನ ಮೇಲೆ. ಹೊಡೆದಾಡಲು ಒಬ್ಬನೂ ಇನ್ನೊಬ್ಬನ ಹೊಲಕ್ಕೆ ಕಾಲಿಡಲಿಲ್ಲ, ಅಷ್ಟು ಮರ್ಯಾದೆ. ಆಗ ತಾನೇ ಹಚ್ಚಿದ ನಮ್ಮ ಉಳ್ಳಾಗಡ್ಡಿ ಸಸಿ ತುಳಿದಾಡಿದರು. ಚನ್ನಪ್ಪನ ಮುಂಗೈ ಮುರಿಯಿತು, ಮಲ್ಲಪ್ಪನ ತಲೆಗೆ ಹೊಲಿಗೆ ಬಿದ್ದವು. ನರಗುಂದದ ದವಾಖಾನೆಯಲ್ಲಿ ಇಬ್ಬರಿಗೂ ಒಂದೇ ಕೋಣೆ, ನಡುವೆ ಒಂದು ಖಾಲಿ ಮಂಚ. ನೋಡಲು ಹೋದ ನನಗೆ ನರ್ಸು ಅದರ ಮೇಲೆ ಕೂರು ಎಂದಳು. ಯಾರ ಕಡೆ ಮುಖ ಮಾಡಿ ಕೂರಬೇಕು? ಗೋಡೆಯ ಕಡೆ ಮುಖ ಮಾಡಿ ಕೂತೆ. ಇಬ್ಬರಿಗೂ ಒಂದೊಂದು ಬಿಸ್ಕೀಟು ಪಾಕೀಟು ಒಯ್ದಿದ್ದೆ, ಹಿಂದಕ್ಕೆ ಕೈ ಚಾಚಿ ಕೊಟ್ಟೆ.

"ಚಿಗವ್ವ, ನೀ ಕಣ್ಣಾರೆ ಕಂಡೀದಿ. ಮೊದಲ ಯಾರ ಕೈ ಮಾಡಿದ್ರು, ಹೇಳು," ಎಂದ ಚನ್ನಪ್ಪ.

"ಹೇಳಲಿ, ಹೇಳಲಿ. ಅಕೀ ಬಾಯಿಲೇ ಬರಲಿ," ಎಂದ ಮಲ್ಲಪ್ಪ.

"ನಾ ನನ್ನ ಉಳ್ಳಾಗಡ್ಡಿ ನೋಡಾಕತ್ತಿದ್ನಿ," ಎಂದೆ. ಅದು ಸುಳ್ಳಲ್ಲ.

ಆಮೇಲೆ ಕೇಸು, ಎದುರು ಕೇಸು. ಒಂದು ಮುಂಜಾನೆ ಪೊಲೀಸರು ಬಂದು ನಮ್ಮ ಹೊಲದ ಮೇವಿನ ಬಣವೆ ಕೆದರಿದರು. ಒಳಗೆ ಬಡಿಗೆಗಳು ಸಿಕ್ಕವು, ತುದಿಗೆ ಕಬ್ಬಿಣದ ಕಟ್ಟು ಹಾಕಿದವು. ಮಲ್ಲಪ್ಪನ ಆಳು ಇಟ್ಟಿದ್ದನೆಂದು ನನಗೆ ಅಂದಾಜಿತ್ತು. ಹೇಳಿದರೆ ನೀರು ಹೋಗುತ್ತದೆ. ಚನ್ನಪ್ಪನ ಹೆಸರು ಹೇಳಿದರೆ ಹಾದಿ ಹೋಗುತ್ತದೆ, ಮೇಲಾಗಿ ಅದು ಸುಳ್ಳು.

"ಬಣವಿ ಯಾರದವ್ವ?" ಎಂದ ಹವಾಲ್ದಾರ.

"ನಮ್ದು ಸಾಹೇಬ್ರ."

"ಹಂಗಾರ ಬಡಿಗಿ?"

"ನಮ್ಮ ಎತ್ತು ಮೇವು ತಿಂತಾವ್ರಿ, ಬಡಿಗಿ ತಿನ್ನಂಗಿಲ್ಲ. ಯಾರ ತಿಂತಾರೋ ಅವರನ್ನ ಕೇಳ್ರಿ."

ಅವನು ನಕ್ಕ. ನಕ್ಕವನೇ ರಾಜೇಸಾಬನನ್ನು ಜೀಪಿಗೆ ಹತ್ತಿಸಿದ. ಸಂಜೆಗೆ ಬಿಟ್ಟರು. ಮಗ ಮನೆಗೆ ಬಂದು ಕೈಕಾಲು ತೊಳೆಯದೆ ಗೋಡೆಗೆ ಒರಗಿ ಕೂತ. "ಹೊಡದಿಲ್ಲ," ಎಂದ. ನಾನು ಕೇಳಿರಲಿಲ್ಲ. ಬಾಯಿ ಬಿಡಲಿಲ್ಲ ಎಂದು ಮಲ್ಲಪ್ಪ ಮೆಚ್ಚಬೇಕಿತ್ತು. ಅವನು ತಿಳಿದದ್ದೇ ಬೇರೆ: ಬಡಿಗೆಯ ಸುದ್ದಿ ಪೊಲೀಸರಿಗೆ ಮುಟ್ಟಿಸಿದವಳೇ ನಾನು ಎಂದು.

ಚನ್ನಪ್ಪನ ಅನುಮಾನ ಡಬ್ಬಿಯಿಂದ ಬಂತು. ಅವನ ತಾಯಿ ಗೌರವ್ವ ನನ್ನ ಓರಗೆಯವಳು. ಮಲ್ಲಪ್ಪನಿಗೆ ಅವಳು ಸಣ್ಣವ್ವ. ಹೆತ್ತವ್ವ ಸತ್ತ ಮೇಲೆ ಅವನನ್ನು ಜೋಪಾನ ಮಾಡಿದವಳೇ ಅವಳು. ತಲೆಗೆ ಹೊಲಿಗೆ ಬಿದ್ದ ಮೇಲೆ ಅವನಿಗೆ ಜ್ವರ ಬಿಟ್ಟಿಲ್ಲ ಎಂದು ಕೇಳಿ ಒಂದು ದಿನ ಬಾವಿಯ ಹತ್ತಿರ ನನ್ನನ್ನು ಹಿಡಿದಳು.

"ಅಗಸಿ ಹಿಂಡಿ ಕುಟ್ಟೀನಿ. ಅವಗ ರೊಟ್ಟಿ ಜೋಡಿ ಭಾಳ ಸೇರ್ತೈತಿ. ನೀ ಕೊಡು. ನಿನ್ನ ಮನೀದು ಅನ್ನು."

"ನಾ ಇಬ್ಬರ ಮಾತೂ ಹೊರಂಗಿಲ್ಲ ಅಂದೀನಿ, ಗೌರವ್ವ."

"ಇದು ಮಾತಲ್ಲ. ಹಿಂಡಿ."

ಒಯ್ದೆ. ಮಲ್ಲಪ್ಪ ಬೆರಳಿನಿಂದ ಒಂದಿಷ್ಟು ನೆಕ್ಕಿದ, ಡಬ್ಬಿಯನ್ನು ತಿರುಗಿಸಿ ನೋಡಿದ, ಒಳಗೆ ಒಯ್ದ. ಖಾಲಿ ಡಬ್ಬಿ ಹಿಂದಕ್ಕೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಶೇಂಗಾ ತುಂಬಿ ಕೊಟ್ಟ. ಬದು ಇಳಿಯುವಾಗ ಚನ್ನಪ್ಪ ಎದುರಾದ. ನನ್ನ ಕಂಕುಳಿನ ಡಬ್ಬಿ ನೋಡಿದ. ಸ್ಟೀಲಿನ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಅವನ ತಾಯಿಯ ಹೆಸರು ಕೊರೆದಿತ್ತು. ನಮ್ಮ ಕಡೆ ಹೆಸರು ಕೊರೆಸದ ಪಾತ್ರೆ ಯಾರ ಮನೆಯಲ್ಲೂ ಇಲ್ಲ, ಮದುವೆ ಮನೆಗಳಲ್ಲಿ ಅದಲು ಬದಲಾಗಬಾರದೆಂದು. ಕಳ್ಳತನದಿಂದ ಹಿಂಡಿ ಕಳಿಸುವ ಇಬ್ಬರು ಮುದುಕಿಯರಿಗೂ ಅದು ಹೊಳೆದಿರಲಿಲ್ಲ.

"ನಮ್ಮ ಮನಿ ಡಬ್ಬಿ ಅವನ ಹೊಲದ ಕಡಿಂದ ಹ್ಯಾಂಗ ಬರಾಕತ್ತೇತಿ ಚಿಗವ್ವ?"

"ನಾ ಹೊತಗೊಂಡ ಬರಾಕತ್ತೀನಿ. ಅದಕ್ಕೇನು ಕಾಲದಾವ?"

"ಚಾಷ್ಟಿ ಬ್ಯಾಡ. ಏನ್ ಸುದ್ದಿ ಒಯ್ದಿ, ಏನ್ ಸುದ್ದಿ ತಂದಿ?"

"ಶೇಂಗಾ ತಂದೀನಿ. ತಿನ್ನು."

ತಿನ್ನಲಿಲ್ಲ. ನಾನು ಚಾಚಿದ ಡಬ್ಬಿಯನ್ನು ಹಿಂದಕ್ಕೆ ಸರಿಸಿ ಹೋದ.

ಎಳ್ಳಮಾವಾಸ್ಯೆ ಹತ್ತಿರ ಬಂದಾಗ ಮೊದಲು ಮಲ್ಲಪ್ಪ ಬಂದ. "ನಿನ್ನ ಬದುವಿನ ಕಾಲುವಿಗೆ ಮಣ್ಣ ಹಾಕು. ಅವನ ಗೋದಿಗೆ ಹನಿ ನೀರ ಹೋಗಬಾರದು. ನಾ ಕಟ್ಟಿದ್ರ ನೀರಾವರಿ ಆಫೀಸಿನವ್ರು ನನ್ನ ಹಿಡಿತಾರ. ನಿನ್ನ ಯಾರ ಕೇಳ್ತಾರ? ಅಮಾಸಿ ತನಕ ನೋಡ್ತೀನಿ. ಆಮ್ಯಾಲ ಕೇಸ್ ಆದ್ರ ಆಗಲಿ, ನಾನ ಕಟ್ತೀನಿ. ಆಗ ನಿನ್ನ ಉಳ್ಳಾಗಡ್ಡಿಗೂ ನೀರಿಲ್ಲ."

ಮರುದಿನವೇ ಚನ್ನಪ್ಪ. ಮುರಿದ ಕೈ ಇನ್ನೂ ಜೋಳಿಗೆಯಲ್ಲಿತ್ತು. "ಅವನ ಹತ್ತಿ ಟ್ರ್ಯಾಕ್ಟರ್ ನಿನ್ನ ಬದುವಿನ ಮ್ಯಾಲ ಹಾಯಬಾರದು. ಮುಳ್ಳ ಹಚ್ಚು. ನಾ ಹಾದಿ ಕಟ್ಟಿದ್ರ ತಹಶೀಲ್ದಾರ ಕರಸ್ತಾರ. ನಿನ್ನ ಹೊಲ, ನಿನ್ನ ಮುಳ್ಳು. ಅಮಾಸಿ ದಾಟಿದ್ರ ನಾನ ನಿನಗ ಹಾದಿ ಬಂದ್ ಮಾಡ್ತೀನಿ. ಉಳ್ಳಾಗಡ್ಡಿ ಹಾರಿಸಿ ಒಯ್ಯುವಂತಿ."

ಒಬ್ಬರದನ್ನು ಒಬ್ಬರು ಕೇಳಿಸಿಕೊಂಡು ಬಂದಂತಿತ್ತು. ಆದರೆ ಅವರು ಮಾತಾಡುತ್ತಿರಲಿಲ್ಲವಲ್ಲ. ಒಂದೇ ರಕ್ತ, ಒಂದೇ ಬುದ್ಧಿ.

ಮನೆಯಲ್ಲಿ ರಾಜೇಸಾಬ, "ಮಲ್ಲಪ್ಪಗ ಹೂಂ ಅನ್ನು. ನೀರಿಲ್ಲಂದ್ರ ಬೆಳಿನ ಇಲ್ಲ," ಎಂದ. ಹಸೀನಾ, "ಹಾದಿ ಇಲ್ಲಂದ್ರ ಬೆಳದದ್ದು ಮನಿಗೆ ಹ್ಯಾಂಗ ಬರ್ತೈತಿ? ಅತ್ತಿ, ಚನ್ನಪ್ಪಣ್ಣಗ ಹೂಂ ಅನ್ರಿ," ಎಂದಳು. ಗಂಡ ಹೆಂಡತಿ ಎರಡು ದಿನ ಮಾತು ಬಿಟ್ಟರು. "ನಿಮ್ಮ ಗಂಡಗ ರೊಟ್ಟಿ ತಣ್ಣಗಾಗಾಕತ್ತಾವಂತ ಹೇಳ್ರಿ" ಎಂದು ಹಸೀನಾ ನನಗೆ ಬಾಯಿತಪ್ಪಿ ಹೇಳಿ, "ನಿಮ್ಮ ಮಗಗ" ಎಂದು ತಿದ್ದಿಕೊಂಡಳು. ಹೊಲದಲ್ಲಿ ನಡುವೆ, ಮನೆಯಲ್ಲೂ ನಡುವೆ. ಊರಲ್ಲಿ ಯಾರ ಕಟ್ಟೆಯ ಮೇಲೂ ಕೂರುವ ಹಾಗಿರಲಿಲ್ಲ. ಕೂತರೆ ಆ ಕಟ್ಟೆ ಯಾರ ಕಡೆಯದು ಎಂದು ಎಣಿಸುತ್ತಿದ್ದರು. ನಾನು ಮನೆಯೊಳಗೇ ಉಳಿದೆ. ಹಗಲೆಲ್ಲ ಗಾದಿಯ ಹಳೇ ಅರಳೆ ಬಿಡಿಸುತ್ತ, ಗಡ್ಡೆ ದಪ್ಪಗಾಗುವ ಉಳ್ಳಾಗಡ್ಡಿಯ ಲೆಕ್ಕ ಹಾಕುತ್ತ. 

ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ ಅನ್ನ, ಕಡುಬು, ಪಲ್ಯ ಬೆಳೆಗೆ ಚೆಲ್ಲುವುದು ನಮ್ಮ ನಾಡಿನ ಪದ್ಧತಿ. ಚರಗ ಎನ್ನುತ್ತಾರೆ. ಹೊಲ ಇದ್ದವರೆಲ್ಲ ಚೆಲ್ಲುತ್ತಾರೆ, ನಾವೂ ಚೆಲ್ಲುತ್ತೇವೆ. ಪ್ರತಿ ವರ್ಷ ಮೂರೂ ಮನೆಯವರು ಬೇವಿನ ಕೆಳಗೆ ಕೂಡುವುದು. ಆ ವರ್ಷ ಮಲ್ಲಪ್ಪನ ಮನೆಯವರು ಅವನ ಹೊಲದಲ್ಲಿ ಬೆನ್ನು ತಿರುಗಿಸಿ ಕೂತರು, ಚನ್ನಪ್ಪನ ಮನೆಯವರು ಅವನ ಹೊಲದಲ್ಲಿ. ನಾವು ನಡುವೆ ಮೂರು ಜನ ಉಂಡೆವು. ಇಬ್ಬರೂ ಓರೆಗಣ್ಣಿನಿಂದ ನಮ್ಮ ಬದುವನ್ನೇ ನೋಡುತ್ತಿದ್ದರು. ಇವತ್ತೇ ಗಡುವು.

ಉಂಡು ಕೈ ತೊಳೆದು ರಾಜೇಸಾಬನಿಗೆ ಹೇಳಿದೆ: "ಸಲಿಕಿ ತಗೋ. ಕಾಲುವಿಗೆ ಮಣ್ಣ ಹಾಕು."

ಮಗನ ಮುಖ ಅರಳಿತು. ಅವನು ಕಾಲುವೆ ಕಟ್ಟಿದ. ಮೇಲಿನ ಹೊಲದಲ್ಲಿ ಮಲ್ಲಪ್ಪ ಎದ್ದು ನಿಂತು ಮೀಸೆ ತಿರುವಿದ.

"ಈಗ ಕುಡಗೋಲು ತಗೋ. ಜಾಲಿ ಮುಳ್ಳ ಕಡದು ಹಾದಿಗೆ ಹಚ್ಚು."

"ಯವ್ವಾ?"

"ಇಬ್ಬರೂ ಹೇಳ್ಯಾರ. ಇಬ್ಬರ ಮಾತೂ ಕೇಳಬೇಕು. ಹಿರ್ಯಾರು."

ಮೀಸೆಯ ಮೇಲಿನ ಕೈ ಅಲ್ಲೇ ನಿಂತಿತು. ಕೆಳಗಿನ ಹೊಲದಲ್ಲಿ ಗೌರವ್ವ ನಕ್ಕದ್ದು ನನಗೆ ಕೇಳಿಸಿತು.

ನಾಲ್ಕು ದಿನದಲ್ಲಿ ಮೋಡ ಕಟ್ಟಿದವು. ಆ ತಿಂಗಳಲ್ಲಿ ಬರಬಾರದ ಮೋಡ. ಮಲ್ಲಪ್ಪನ ಹತ್ತಿ ದೊಡ್ಡ ಚೀಲಗಳಲ್ಲಿ ತುಂಬಿ ಟ್ರ್ಯಾಕ್ಟರಿನ ಮೇಲಿತ್ತು, ಒಂದು ಹನಿ ಬಿದ್ದರೆ ಪೇಟೆಯಲ್ಲಿ ಕೇಳುವವರಿಲ್ಲ. ಮೋಡವಿದ್ದೂ ಮಳೆಯಿಲ್ಲ, ಚನ್ನಪ್ಪನ ಗೋದಿ ಹಾಲುಗಾಳು ಹಿಡಿಯುವಾಗ ನೆಲ ಬಿರಿಯುತ್ತಿತ್ತು. ಕಾಲುವೆ ಕಟ್ಟಿದ್ದು ತನಗೆ ಬೇಕಾದ್ದು, ಆದರೆ ಹಾದಿ ಹೋಯಿತು ಎಂದು ಮಲ್ಲಪ್ಪ. ಹಾದಿ ಕಟ್ಟಿದ್ದು ಸರಿ, ಆದರೆ ನೀರು ಹೋಯಿತು ಎಂದು ಚನ್ನಪ್ಪ. ಇಬ್ಬರೂ ಒಂದೇ ಹೊತ್ತಿಗೆ ನನ್ನ ಬಾಗಿಲಿಗೆ ಬಂದರು. ಬನ್ನಿಯ ದಿನದ ಮೇಲೆ ಇಬ್ಬರೂ ಬಡಿಗೆಯಿಲ್ಲದೆ ಒಂದೇ ಅಂಗಳದಲ್ಲಿ ನಿಂತದ್ದು ಅವತ್ತೇ.

"ಎಂಥಾ ಹೆಣ್ಣಮಗಳು ನೀ! ನಡುವ ಕುಂತು ಇಬ್ಬರ ಕುತಿಗಿ ಹಿಚಕತೀ?" ಎಂದ ಮಲ್ಲಪ್ಪ.

"ಖರೇ ಅಂತಾನ ಅವ. ಯಾರ ಕಡೆನೂ ಇಲ್ಲಂತ ಹೇಳಿ ಇಬ್ಬರನ್ನೂ ಮುಳುಗಿಸಿದಿ," ಎಂದ ಚನ್ನಪ್ಪ.

"ನೀ ಹೇಳಿದ್ದ ಮಾಡೀನಿ," ಎಂದು ಒಬ್ಬನಿಗೆ ಹೇಳಿದೆ. "ನೀ ಹೇಳಿದ್ದೂ ಮಾಡೀನಿ," ಎಂದು ಇನ್ನೊಬ್ಬನಿಗೆ. "ನನ್ನ ಉಳ್ಳಾಗಡ್ಡಿ ನಡುವ ಕುಂತಾವ. ನಮ್ಮ ಹೊಲದ ಬಾಯಿಗೇ ಎರಡೂ ಕಟ್ಟೀವಿ, ಅವಕ್ಕೂ ಬರಾಕ ನೀರಿಲ್ಲ, ಹೋಗಾಕ ಹಾದಿಯಿಲ್ಲ. ಅವು ಬೈಯಾಕ ಬಂದಿಲ್ಲ, ನೀವ್ಯಾಕ ಬಂದ್ರಿ?"

 ಚನ್ನಪ್ಪ ನನ್ನ ಕಡೆ ನೋಡುತ್ತಲೇ, ನನಗಲ್ಲದ ಮಾತು ಕೇಳಿದ: "ಹತ್ತಿ ತೊಯ್ತೇನು?"

ಮಲ್ಲಪ್ಪ ನನ್ನ ಬಾಗಿಲ ಚೌಕಟ್ಟು ನೋಡುತ್ತ, "ಇನ್ನೂ ಇಲ್ಲ. ತಾಡಪತ್ರಿ ಹಾಕೀನಿ. ಗೋದಿ?" ಎಂದ.

"ಎರಡ ದಿನ ತಡಿಬಹುದು."

ಮಗನ ಹಿಂದೆ ನಿಂತಿದ್ದ ಗೌರವ್ವ ಆಗ ಬಾಯಿ ಬಿಟ್ಟಳು. "ಇಕೀ ಪಟ್ಟಿ ಹಿಂದ, ಹಳ್ಳದ ದಂಡಿಗೆ, ನಿಮ್ಮಿಬ್ಬರ ಹೊಲಾನೂ ಒಂದಕ್ಕೊಂದು ಹತ್ತೇತಿ. ನಿಮ್ಮ ಅಪ್ಪಗೋಳು ಅಲ್ಲೇ ಎತ್ತ ಹೊಡಕೊಂಡ ಹೋಗ್ತಿದ್ರು. ಜಾಲಿಕಂಟಿ ಬೆಳದು ಮುಚ್ಚೇತಿ. ಆ ಮುದುಕಿನ್ನ ಯಾಕ ಗೋಳ ಹೊಯ್ಕೋತೀರಿ?"

ನನ್ನನ್ನು ಪಾರುಮಾಡಲೆಂದೇ ಅವಳು ಅದನ್ನು ಹೇಳಿದ್ದು. ಈಗಲೂ ಅದನ್ನೇ ನಂಬಿದ್ದೇನೆ.

ಮರುದಿನ ಜೆಸಿಬಿ ಬಂತು. ಹಳ್ಳದ ದಂಡೆಯ ಜಾಲಿಯೆಲ್ಲ ಬುಡಸಮೇತ ಎದ್ದಿತು. ಸಂಜೆಗೆ ಮಲ್ಲಪ್ಪನ ಹತ್ತಿ ಆ ಹಾದಿಯಲ್ಲಿ ಊರಿಗೆ ಇಳಿಯಿತು, ಮುಂದೆ ಚನ್ನಪ್ಪ ಬೈಕಿನಲ್ಲಿ. ಅದೇ ದಂಡೆಗುಂಟ ಪೈಪು ಹಾಕಿದರು, ಕಾಲುವೆಯಿಂದ ನೇರ ಚನ್ನಪ್ಪನ ಗೋದಿಗೆ. ಊರಿನವರು ನನಗೆ, "ರಾಜಿ ಮಾಡಿಸಿದಿ ಬಿಡವ್ವ," ಎಂದರು. ಒಂದು ದಿನ ನಾನೂ ಹಿಗ್ಗಿದೆ. ರಾಜೇಸಾಬ ಬದುವಿನ ಮುಳ್ಳು ತೆಗೆದ, ಕಾಲುವೆಯ ಮಣ್ಣು ತೆಗೆದ. ಯಾರ ಗಾಡಿಯೂ ಬರಲಿಲ್ಲ. ನೀರೂ ಬರಲಿಲ್ಲ.

ಹೋಗಿ ನೋಡಿದರೆ ಮಲ್ಲಪ್ಪ ತನ್ನ ಹೊಲದೊಳಗಿನ ಹಳೇ ಕಾಲುವೆಯನ್ನು ಸಪಾಟು ಮಾಡಿದ್ದ. ಸುಮ್ಮನೆ ಜಾಗ ಯಾಕೆ ಕೆಡಿಸಬೇಕು? ಚನ್ನಪ್ಪ ಹಳೇ ಹಾದಿಯನ್ನು ನೇಗಿಲು ಹೊಡೆದು ಹೊಲಕ್ಕೆ ಕೂಡಿಸಿದ್ದ. ಅದೂ ಹಂಗೇ. ದ್ವೇಷದಿಂದ ಮಾಡಿದ್ದಲ್ಲ. ನಾವು ಅವರ ನೆನಪಿನಲ್ಲೇ ಇರಲಿಲ್ಲ.

ಮಲ್ಲಪ್ಪನ ಮನೆಗೆ ಹೋದೆ. ಚಹಾ ಕೊಟ್ಟ. "ನೀರ ಕೊಡಾಕ ನಂದೇನಿಲ್ಲ ಚಿಗವ್ವ. ಪೈಪ್ ಇಬ್ಬರದೂ ಐತಿ. ಚನ್ನಪ್ಪನ್ನ ಒಂದ ಮಾತ ಕೇಳು." ಚನ್ನಪ್ಪನ ಮನೆಗೆ ಹೋದೆ. ಅವನೂ ಚಹಾ ಕೊಟ್ಟ. "ಮಲ್ಲಪ್ಪಣ್ಣ ಹೂಂ ಅಂದ್ರ ನಂದೇನ ಅಡ್ಡಿ?" ಆ ವಾರ ನಾನು ಕುಡಿದಷ್ಟು ಚಹಾ ಯಾವತ್ತೂ ಕುಡಿದಿಲ್ಲ. ತಾಲೂಕಿನ ಕಚೇರಿಗೂ ಹೋದೆವು. ಹಳೇ ಹಾದಿ, ಹಳೇ ಕಾಲುವೆ ಇದ್ದವೆಂದು ಅಕ್ಕಪಕ್ಕದ ಹೊಲದವರು ಬಂದು ಹೇಳಬೇಕು ಎಂದರು. ಅಕ್ಕಪಕ್ಕದ ಹೊಲದವರು ಯಾರು?

ಉಳ್ಳಾಗಡ್ಡಿ ನಿಂಬೆಹಣ್ಣಿನಷ್ಟಕ್ಕೆ ನಿಂತವು. ಕಿತ್ತು ಹರವಿದೆವು. ಅರ್ಧ ಹೊರುವುದರೊಳಗೆ ಮತ್ತೆ ಕಟ್ಟಿದ ಮೋಡ ಒಡೆದು ಸುರಿದು ಉಳಿದವು ಅಲ್ಲೇ ಕೊಳೆತವು. ತಲೆಯ ಮೇಲೆ ಬುಟ್ಟಿ ಹೊತ್ತು ನಾನು, ಮಗ, ಸೊಸೆ ಚನ್ನಪ್ಪನ ಗೋದಿಯ ಅಂಚಿಗೆ ಹಾಯುವಾಗ ಅವನು ಬದುವಿನ ಮೇಲೆ ಕೂತಿದ್ದ. "ಹಾಯ್ರಿ, ಹಾಯ್ರಿ ಚಿಗವ್ವ. ನಾ ಏನ್ ಬ್ಯಾಡ ಅನ್ನಂಗಿಲ್ಲ," ಎಂದ. ಒಳ್ಳೆಯ ಮನಸ್ಸಿನಿಂದಲೇ ಎಂದ. ನಿನ್ನೆಯ ತನಕ ಅದು ಹಾದಿ ಇತ್ತು, ಈಗ ಅವನ ಒಳ್ಳೆಯ ಮನಸ್ಸು ಆಯಿತು. ಆ ಮನಸ್ಸು ನಾಳೆ ಹ್ಯಾಂಗಿರುತ್ತದೋ ಎಂದು ನಾನು ಪ್ರತಿ ಬುಟ್ಟಿಗೂ ಅವನ ಮುಖ ನೋಡಿ ಕಾಲಿಡಬೇಕಾಯಿತು.

ಆ ಬೇಸಿಗೆಯಲ್ಲಿ ರಾಜೇಸಾಬ ಎತ್ತು ಮಾರಿ ನರಗುಂದದಲ್ಲಿ ಗಾದಿಯ ಅಂಗಡಿ ಹಾಕಿದ. ಹಸೀನಾ ಅವನ ಜೊತೆ ಹೊಲಿಯುತ್ತಾಳೆ. ನಾನು ಊರಲ್ಲೇ ಉಳಿದೆ.

ಯುಗಾದಿ ಮುಗಿದ ಮೇಲೆ ಮಲ್ಲಪ್ಪ, ಚನ್ನಪ್ಪ ಇಬ್ಬರೂ ಕೂಡಿ ಬಂದರು. ಒಂದೇ ಬೈಕಿನ ಮೇಲೆ.

"ಚಿಗವ್ವ, ನಿನ್ನ ಒಳ್ಳೇದಕ್ಕ ಹೇಳ್ತೀವಿ. ನೀರಿಲ್ಲ, ಹಾದಿಯಿಲ್ಲ, ಮಗ ಪ್ಯಾಟಿ ಸೇರ್ಯಾನ. ಆ ಪಟ್ಟಿ ಇಟಗೊಂಡ ಏನ್ ಮಾಡ್ತಿ? ಕೊಟ್ಬಿಡು. ನ್ಯಾಯವಾಗಿ ತಗೋತೀವಿ," ಎಂದ ಮಲ್ಲಪ್ಪ. ಚನ್ನಪ್ಪ ತಲೆಯಾಡಿಸಿದ.

ನಾನು ಕೈಯಲ್ಲಿದ್ದ ಅರಳೆ ಬಿಡಿಸಿ ಬುಟ್ಟಿಗೆ ಹಾಕಿದೆ. ಅವರು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ.

"ಕೊಡ್ತೀನಿ," ಎಂದೆ.

ಇಬ್ಬರೂ ಮುಂದಕ್ಕೆ ಸರಿದು ಕೂತರು.

"ಯಾರಿಗೆ?"

"ನಮಗ," ಎಂದ ಮಲ್ಲಪ್ಪ.

"ಅದು ಗೊತ್ತಾತು. ಪತ್ರ ಒಬ್ಬರ ಹೆಸರಿಗೆ ಆಗಬೇಕಲ್ಲ. ಯಾರ ಹೆಸರು ಬರಸ್ಲಿ?"

ಮಲ್ಲಪ್ಪ ಚನ್ನಪ್ಪನ ಕಡೆ ನೋಡಲಿಲ್ಲ. ಚನ್ನಪ್ಪನೂ ಮಲ್ಲಪ್ಪನ ಕಡೆ ನೋಡಲಿಲ್ಲ. "ಅರ್ಧ ಅರ್ಧ…" ಎಂದು ಚನ್ನಪ್ಪ ಶುರುಮಾಡಿದ. "ಬೇವಿನ ಗಿಡ ಯಾರ ಅರ್ಧಕ್ಕ ಬರ್ತೈತಿ?" ಎಂದ ಮಲ್ಲಪ್ಪ. "ಬದು ನಮ್ಮ ಕಡಿಗೆ ಐತಲ್ಲ," ಎಂದ ಚನ್ನಪ್ಪ. 

"ಗಡಿಬಿಡಿ ಇಲ್ಲ," ಎಂದೆ. "ಮನಿಗೆ ಹೋಗಿ ಮಾತಾಡ್ಕೊಂಡ ಬರ್ರಿ."

ಇಬ್ಬರೂ ಎದ್ದರು. ಚನ್ನಪ್ಪ, "ನಾ ನಡಕೊಂತ ಬರ್ತೀನಿ, ನೀ ಹೋಗು," ಎಂದ. ಇವತ್ತಿಗೂ ಮಾತಾಡಿಕೊಂಡು ಬಂದಿಲ್ಲ. ಆ ಪಟ್ಟಿಯಲ್ಲಿ ನಾನು ಬಿಳಿಜೋಳ ಹಾಕುತ್ತೇನೆ. ಅದಕ್ಕೆ ಕಾಲುವೆ ಬೇಡ, ಇಬ್ಬನಿ ಸಾಕು. ತೆನೆಯನ್ನು ತಲೆಯ ಮೇಲೆ ಹೊತ್ತು ತರುತ್ತೇನೆ.